ಅಂಚೆ ಮತ ಎಣಿಕೆಗೆ ಬಂತೇ? ತಿಳಿಯುವ ದಾರಿಗಳು

ವಿಧಾನಸಭೆ ಚುನಾವಣೆ ಮುಗಿದ ಮೇಲೆ ಶಾಲೆಯ ಸ್ಟಾಫ್ ರೂಮಿನಲ್ಲಿ ಏಳುವ ಪ್ರಶ್ನೆ ಇದು: ಡ್ಯೂಟಿಗೆ ಹೋದಾಗ ಹಾಕಿದ ನಮ್ಮ ಅಂಚೆ ಮತ ಎಣಿಕೆಗೆ ಸೇರಿತೋ, ತಿರಸ್ಕೃತದ ಕಟ್ಟಿಗೆ ಹೋಯಿತೋ? ಹೆಸರು ಹಾಕಿ ನೋಡುವ ವ್ಯವಸ್ಥೆ ನಮ್ಮಲ್ಲಿಲ್ಲ. ಆದರೂ ಉತ್ತರದ ಹತ್ತಿರಕ್ಕೆ ಹೋಗಬಹುದು.

ಒಂದು ಮತದಿಂದ ಏನಾಗುತ್ತದೆ ಎನ್ನುವವರು 2023ರ ಜಯನಗರವನ್ನು ನೆನೆಯಲಿ. ತಿರಸ್ಕೃತ ಅಂಚೆ ಮತಗಳನ್ನು ಮತ್ತೆ ಪರಿಶೀಲಿಸಿ ಫಲಿತಾಂಶ ಘೋಷಿಸಿದಾಗ ಗೆಲುವಿನ ಅಂತರ 16. ಉಡುಪಿ–ಚಿಕ್ಕಮಗಳೂರು ಲೋಕಸಭಾ ಕ್ಷೇತ್ರಕ್ಕೆ ಸೇರಿದ ಶೃಂಗೇರಿಯಲ್ಲಿ ಅದೇ ವರ್ಷ 201.

ನಿಮ್ಮದು ಯಾವ ಬಗೆಯ ಮತ?

ಲೋಕಸಭೆ ಚುನಾವಣೆಯಲ್ಲಿ ಸ್ವಂತ ಕ್ಷೇತ್ರದೊಳಗೇ ಡ್ಯೂಟಿ ಬಿದ್ದು, ಇಡಿಸಿ (ಚುನಾವಣಾ ಕರ್ತವ್ಯ ಪ್ರಮಾಣಪತ್ರ, ನಮೂನೆ 12ಬಿ) ತೋರಿಸಿ ಮತಗಟ್ಟೆಯಲ್ಲಿ ಹಾಕಿದ್ದರೆ ಅದು ಇವಿಎಂ ಮತ. ನೀವು ನಿಶ್ಚಿಂತರು, ಮುಂದಿನದನ್ನು ಓದಬೇಕಿಲ್ಲ. ಬೇರೆ ಕ್ಷೇತ್ರಕ್ಕೆ ಡ್ಯೂಟಿಗೆ ಹೋಗುವವರು ತಮಗಾಗಿ ತೆರೆದ ಮತದಾನ ಕೇಂದ್ರವಾದ ಫೆಸಿಲಿಟೇಶನ್ ಸೆಂಟರ್‌ನಲ್ಲಿ ಹಾಕುವುದು, 85 ದಾಟಿದ ಹಿರಿಯರು ಮತ್ತು ಶೇ 40ಕ್ಕಿಂತ ಕಡಿಮೆಯಿಲ್ಲದ ಅಂಗವೈಕಲ್ಯವುಳ್ಳವರು ನಮೂನೆ 12ಡಿ ಕೊಟ್ಟು ಮನೆಯಲ್ಲೇ ಹಾಕುವುದು, ಸೈನಿಕರು ಇಟಿಪಿಬಿಎಸ್ ಎಂಬ ವಿದ್ಯುನ್ಮಾನ ವ್ಯವಸ್ಥೆಯ ಮೂಲಕ ಬಂದ ಮತಪತ್ರವನ್ನು ಮುದ್ರಿಸಿ ಕಳುಹಿಸುವುದು, ಇವು ಅಂಚೆ ಮತಗಳು. ನಿಜವಾಗಿ ಅಂಚೆಪೆಟ್ಟಿಗೆ ಕಾಣುವುದು ಹೆಚ್ಚಾಗಿ ಸೈನಿಕರದ್ದೇ.

ಮನೆಯಲ್ಲಿ ಮತ ಹಾಕಲು ಒಪ್ಪಿಗೆ ಸಿಕ್ಕವರ ಹೆಸರಿನೆದುರು ಮತದಾರರ ಪಟ್ಟಿಯಲ್ಲಿ ‘ಪಿಬಿ’ (ಪೋಸ್ಟಲ್ ಬ್ಯಾಲಟ್) ಗುರುತು ಬೀಳುತ್ತದೆ. ಮತದಾನದ ದಿನ ಅಜ್ಜಿಯನ್ನು ರಿಕ್ಷಾದಲ್ಲಿ ಕೂರಿಸಿಕೊಂಡು ಬೂತಿಗೆ ಹೋದರೆ ವಾಪಸ್ ಬರಬೇಕಾದೀತು.

ಲಕೋಟೆ ಅಂಟಿಸುವ ಮೊದಲು

ಅಂಚೆ ಮತದ ಹಣೆಬರಹ ತೀರ್ಮಾನವಾಗುವುದು ಇಲ್ಲಿ. ಮತಪತ್ರ ಒಳಗಿನ ಲಕೋಟೆಗೆ (13ಬಿ) ಹೋಗಬೇಕು. ಘೋಷಣಾ ಪತ್ರ (13ಎ) ಅದರೊಳಗಲ್ಲ, ಅದರ ಜತೆಗೆ ಹೊರಗಿನ ಲಕೋಟೆಯಲ್ಲಿ (13ಸಿ) ಇರಬೇಕು. ಎಣಿಕೆ ಮೇಜಿನಲ್ಲಿ ಮೊದಲು ಹುಡುಕುವುದು ಈ 13ಎಯನ್ನು. ಅದು ಸಿಗದಿದ್ದರೆ, ಅದರಲ್ಲಿ ನಿಮ್ಮ ಸಹಿ ಅಥವಾ ಅಧಿಕಾರಿಯ ದೃಢೀಕರಣ ಇಲ್ಲದಿದ್ದರೆ, ಅದರಲ್ಲಿನ ಮತಪತ್ರದ ಕ್ರಮಸಂಖ್ಯೆ ಒಳಲಕೋಟೆಯ ಮೇಲಿನದಕ್ಕೆ ತಾಳೆಯಾಗದಿದ್ದರೆ, ಒಳಲಕೋಟೆಯನ್ನು ತೆರೆಯುವುದೇ ಇಲ್ಲ. ನೀವು ಯಾರಿಗೆ ಹಾಕಿದ್ದೀರೆಂದು ನೋಡುವ ಮೊದಲೇ ಮತ ಹೋಯಿತು. ಫೆಸಿಲಿಟೇಶನ್ ಸೆಂಟರ್‌ನಲ್ಲಿ ದೃಢೀಕರಿಸಲು ಅಧಿಕಾರಿ ಅಲ್ಲೇ ಇರುತ್ತಾರೆ. ಬಸ್ಸು ತಪ್ಪುತ್ತದೆಂಬ ಅವಸರದಲ್ಲಿ ಅವರ ಸಹಿ ಬಿತ್ತೇ ಎಂದು ನೋಡದೆ ಪೆಟ್ಟಿಗೆಗೆ ಹಾಕಬೇಡಿ.

ಮತಪತ್ರದ ಮೇಲೆ ಹೆಸರು, ಸಹಿ, ನಿಮ್ಮನ್ನು ಗುರುತಿಸುವಂಥ ಏನೂ ಬೇಡ. ಸಹಿ ಹಾಕಿ ಹಾಕಿ ಅಭ್ಯಾಸವಾದ ಸರಕಾರಿ ನೌಕರರ ಕೈ ಇಲ್ಲೇ ಜಾರುವುದು.

ಕಳುಹಿಸಿದ ಮೇಲೆ

ಲಕೋಟೆ ಎಣಿಕೆ ದಿನ ಎಣಿಕೆ ಆರಂಭವಾಗುವ ಮೊದಲು, ಸಾಮಾನ್ಯವಾಗಿ ಬೆಳಿಗ್ಗೆ 8ಕ್ಕೆ, ಚುನಾವಣಾಧಿಕಾರಿಗೆ ತಲುಪಿರಬೇಕು. ತಡವಾದದ್ದನ್ನು ತೆರೆಯದೆ ಬದಿಗಿಡುತ್ತಾರೆ. ಸ್ಪೀಡ್ ಪೋಸ್ಟ್ ಮಾಡಿದ ಸೈನಿಕರು ರಸೀದಿ ಇಟ್ಟುಕೊಳ್ಳಲಿ. ಅದರಲ್ಲಿರುವ 13 ಅಂಕಿ–ಅಕ್ಷರಗಳ ಸಂಖ್ಯೆಯನ್ನು ಅಂಚೆ ಇಲಾಖೆಯ ಜಾಲತಾಣದಲ್ಲಿ ಹಾಕಿದರೆ ಬಟವಾಡೆಯಾದ ದಿನ ಗೊತ್ತಾಗುತ್ತದೆ. ತಲುಪಿದ್ದಕ್ಕೆ ಇದು ಸಾಕ್ಷಿ, ಎಣಿಸಿದ್ದಕ್ಕಲ್ಲ.

ಎಣಿಕೆಯ ದಿನ ಮತ್ತು ಆಮೇಲೆ

2024ರ ಜೂನ್ 4ರಂದು ದಕ್ಷಿಣ ಕನ್ನಡದ ಎಣಿಕೆ ಸುರತ್ಕಲ್‌ನ ಎನ್‌ಐಟಿಕೆಯಲ್ಲಿ ನಡೆಯಿತು. ಅಂಥ ಕೇಂದ್ರದೊಳಕ್ಕೆ ನಿಮಗೆ ಪ್ರವೇಶವಿಲ್ಲ, ಆದರೆ ಅಂಚೆ ಮತದ ಮೇಜಿನಲ್ಲಿ ಅಭ್ಯರ್ಥಿಗಳ ಏಜೆಂಟರು ಕೂತಿರುತ್ತಾರೆ. ಎಷ್ಟು ತಿರಸ್ಕೃತವಾಯಿತು, ಯಾವ ಕಾರಣಕ್ಕೆ ಎಂಬುದನ್ನು ಬರೆದುಕೊಂಡ ಪರಿಚಯದ ಏಜೆಂಟ್ ಸಿಕ್ಕಿದರೆ ಅದಕ್ಕಿಂತ ಒಳ್ಳೆಯ ಮೂಲವಿಲ್ಲ.

ಚುನಾವಣಾ ಆಯೋಗದ ಫಲಿತಾಂಶದ ಪುಟದಲ್ಲಿ ಪ್ರತಿ ಅಭ್ಯರ್ಥಿಯ ಇವಿಎಂ ಮತ, ಅಂಚೆ ಮತ ಬೇರೆ ಬೇರೆ ಇರುತ್ತವೆ. ತಿರಸ್ಕೃತದ ಲೆಕ್ಕ ಬೇಕಾದರೆ ರಾಜ್ಯ ಮುಖ್ಯ ಚುನಾವಣಾಧಿಕಾರಿಯ ಜಾಲತಾಣದಲ್ಲಿ ನಿಮ್ಮ ಕ್ಷೇತ್ರದ ನಮೂನೆ 20 (ಅಂತಿಮ ಫಲಿತಾಂಶದ ಪಟ್ಟಿ) ತೆರೆಯಿರಿ. ಅಲ್ಲಿ ಸೊನ್ನೆ ಇದ್ದರೆ, ಸಮಯಕ್ಕೆ ತಲುಪಿದ ನಿಮ್ಮ ಮತ ಎಣಿಕೆಯಾಗಿದೆ. ದೊಡ್ಡ ಸಂಖ್ಯೆ ಇದ್ದರೆ ಅನುಮಾನ ಹಾಗೇ ಉಳಿಯುತ್ತದೆ. ಮತಪತ್ರ, ಘೋಷಣಾ ಪತ್ರಗಳ ಕಟ್ಟುಗಳು ಮೊಹರಾಗುತ್ತವೆ, ನ್ಯಾಯಾಲಯದ ಆದೇಶವಿಲ್ಲದೆ ತೆರೆಯುವಂತಿಲ್ಲ. ನನ್ನದನ್ನು ತೋರಿಸಿ ಎಂದು ಡಿಸಿ ಕಚೇರಿಗೆ ಅಲೆದು ಪ್ರಯೋಜನವಿಲ್ಲ.

ಗೌಪ್ಯತೆ ಕಾಯಲು ಇಷ್ಟು ಕತ್ತಲು ಬೇಕೇ ಎಂಬುದು ಬೇರೆ ಮಾತು. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಲಕೋಟೆ ಹೊರಟಾಗ, ತಲುಪಿದಾಗ, ಮತ ಎಣಿಕೆಗೆ ಸೇರಿದಾಗ ಮತದಾರರ ಮೊಬೈಲಿಗೆ ಸಂದೇಶ ಬರುತ್ತದೆ. ಸಹಿ ಹೊಂದದಿದ್ದರೆ ಕರೆದು ಸರಿಪಡಿಸಲು ಅವಕಾಶ ಕೊಡುತ್ತಾರೆ. ಯಾರಿಗೆ ಹಾಕಿದರೆಂಬ ಗುಟ್ಟು ಅಲ್ಲಿ ಬಯಲಾಗುವುದಿಲ್ಲ. ನಮ್ಮಲ್ಲೂ 13ಎ ನೋಡುವುದು ಮತಪತ್ರ ತೆರೆಯುವ ಮೊದಲೇ. ಸ್ವೀಕೃತ, ತಿರಸ್ಕೃತ ಎಂಬಷ್ಟನ್ನು ಕ್ರಮಸಂಖ್ಯೆಯ ಎದುರು ದಾಖಲಿಸಿ ತಿಳಿಸಲು ಗುಟ್ಟು ಅಡ್ಡ ಬರಬೇಕಿಲ್ಲ ಎಂದೇ ನನ್ನ ಅಭಿಪ್ರಾಯ.

ಸದ್ಯಕ್ಕೆ ಉಳಿದ ದಾರಿ ಹೈಕೋರ್ಟಿನಲ್ಲಿ ಚುನಾವಣಾ ತಕರಾರು ಅರ್ಜಿ. ಅಭ್ಯರ್ಥಿಯೇ ಆಗಬೇಕೆಂದಿಲ್ಲ, ಆ ಕ್ಷೇತ್ರದ ಮತದಾರರೂ ಹಾಕಬಹುದು. ಗಡುವು 45 ದಿನ. ಗೆಲುವಿನ ಅಂತರ ಸಾವಿರಗಳಲ್ಲಿದ್ದರೆ ಮಾತ್ರ ವಕೀಲರೇ ನಿಮ್ಮನ್ನು ಮನೆಗೆ ಕಳುಹಿಸಿಯಾರು.