ಒಂದು ಹಾಲ್, ಮೂರು ತಲೆಮಾರಿನ ಕಿವಿ

ಮನೆಯಲ್ಲಿ ಹೈ-ಫೈ ಸೆಟ್ ಇಟ್ಟುಕೊಂಡು ಸಂಗೀತ ಕೇಳುವ ಹವ್ಯಾಸದ ಮಾತು ಬಂದಾಗಲೆಲ್ಲ ಹಿರಿಯರಿಗೆ ರೆಕಾರ್ಡು, ಕಿರಿಯರಿಗೆ ಮೊಬೈಲು ಎಂದು ಗೆರೆ ಎಳೆದುಬಿಡುವುದು ವಾಡಿಕೆ. ನಮ್ಮ ಮನೆಯಲ್ಲಿ ಎಂಬತ್ತು ದಾಟಿದ ತಂದೆಯವರು, ಐವತ್ತು ದಾಟಿದ ನಾನು, ಓದು ಮುಗಿಸಿ ಕೆಲಸಕ್ಕೆ ಸೇರಿರುವ ಮಗಳು, ಮೂವರೂ ಸಂಗೀತದ ಹುಚ್ಚಿನವರೇ. ಹೀಗಾಗಿ ಮೂವರಿಗೂ ಒಗ್ಗುವಂತೆ ಹಾಲ್‌ನಲ್ಲಿ ಒಂದೇ ಸೆಟ್ ಹೊಂದಿಸುವ ಕೆಲಸಕ್ಕೆ ಕೈಹಾಕಿದೆ. ಕೆಲಸ ಸಾಗಿದಂತೆ ಆ ಗೆರೆ ನಮ್ಮಲ್ಲಿ ಬೇರೆಯೇ ಜಾಗದಲ್ಲಿ ಬಿದ್ದಿರುವುದು ತಿಳಿಯಿತು. ತಾತ ಮೊಮ್ಮಗಳು ಕೇಳುವ ರೀತಿ ಹೆಚ್ಚುಕಡಿಮೆ ಒಂದೇ; ಪ್ರತ್ಯೇಕವಾಗಿ ನಿಂತಿರುವವನು ನಡುವಿನ ನಾನು.

ತಂದೆಯವರು ಬೆಳೆದದ್ದು ಮೈಸೂರಿನಲ್ಲಿ, 1935ರಲ್ಲಿ ಎಂ. ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಲ್ಲೇ ಬಾನುಲಿ ಕೇಂದ್ರ ತೆರೆದ ಊರಿನಲ್ಲಿ. ರೇಡಿಯೊ ಇಟ್ಟುಕೊಳ್ಳಲು ಅಂಚೆ ಕಚೇರಿಯಲ್ಲಿ ಶುಲ್ಕ ಕಟ್ಟಿ ಲೈಸೆನ್ಸ್ ಪಡೆಯಬೇಕಾಗಿದ್ದ ಕಾಲವದು. ನಡುಮನೆಯ ಗೂಡಿನಲ್ಲಿದ್ದ ವಾಲ್ವ್ ರೇಡಿಯೊಕ್ಕೆ ಒಂದೇ ಸ್ಪೀಕರು. ಅಡುಗೆಮನೆಯಲ್ಲಿದ್ದವರು, ಜಗುಲಿಯಲ್ಲಿ ಪೇಪರ್ ಓದುತ್ತಿದ್ದವರು ಎಲ್ಲರಿಗೂ ಅದೇ ಸಂಗೀತ. ಮುಂದಿನದು ಯಾವುದೆಂದು ತೀರ್ಮಾನಿಸುತ್ತಿದ್ದದ್ದು ಆಕಾಶವಾಣಿ. ಮುಂದೆ ರೆಕಾರ್ಡ್ ಪ್ಲೇಯರನ್ನೂ ನಮ್ಮ ದೇಶದಲ್ಲೇ ತಯಾರಾದ ಸ್ಟೀರಿಯೊ ಆಂಪ್ಲಿಫೈಯರನ್ನೂ ಕೊಂಡ ಮೇಲೂ ಅವರ ಅಭ್ಯಾಸ ಬದಲಾಗಲಿಲ್ಲ. ಮಲ್ಲಿಕಾರ್ಜುನ ಮನ್ಸೂರರ ಪ್ಲೇಟು ಹಾಕಿ, ಹಿತ್ತಲಿನ ಗಿಡಗಳಿಗೆ ನೀರೆರೆಯುತ್ತ ಕಿಟಕಿಯಿಂದ ಬಂದಷ್ಟನ್ನು ಕೇಳುತ್ತಿದ್ದರು.

ನಾನು ಕ್ಯಾಸೆಟ್ಟಿನಿಂದ ಸಿ.ಡಿ.ಗೆ ಬಂದವನು. ಗಲ್ಫ್‌ನಲ್ಲಿದ್ದ ನೆಂಟರ ಕೈಯಲ್ಲೋ ಮದ್ರಾಸಿನ ಬರ್ಮಾ ಬಜಾರಿನಿಂದಲೋ ತರಿಸಬೇಕಾಗಿದ್ದ ವಿದೇಶಿ ಸಾಮಾನುಗಳು 1991ರ ನಂತರ ಆಮದಿನ ಬಿಗಿ ಸಡಿಲಗೊಂಡು ಇಲ್ಲಿನ ಅಂಗಡಿಗಳಲ್ಲೇ ಸಿಗತೊಡಗಿದವು. ಅವುಗಳ ಜೊತೆಗೆ ಹೊರದೇಶದ ಹೈ-ಫೈ ಪತ್ರಿಕೆಗಳ ಪಾಠವೂ ಬಂತು: ಎರಡು ಸ್ಪೀಕರು ಮತ್ತು ಒಂದು ಕುರ್ಚಿ ಸಮಬಾಹು ತ್ರಿಕೋನವಾಗಬೇಕು, ಮೇಲಿನ ಸ್ವರಗಳನ್ನು ಹೊರಡಿಸುವ ಟ್ವೀಟರು ಕಿವಿಯ ಎತ್ತರಕ್ಕಿರಬೇಕು, ಸ್ಪೀಕರು ಗೋಡೆಯಿಂದ ದೂರವಿರಬೇಕು. ಈ ಪಾಠದಲ್ಲಿ ಸುಳ್ಳೇನೂ ಇಲ್ಲ. ಹಾಗೆ ಕುಳಿತರೆ ಗಾಯಕ ಎದುರಿಗೇ, ತಬಲಾ ಪಕ್ಕಕ್ಕೇ ಕಂಡಂತಾಗುತ್ತದೆ. ಆದರೆ ಈ ಏರ್ಪಾಡಿನಲ್ಲಿ ಕೇಳುಗ ಒಬ್ಬನೇ; ಮನೆಯ ಮಿಕ್ಕವರು ಸದ್ದು ಮಾಡದೆ ಇರಬೇಕಾದವರು.

ಮಗಳ ವಿಷಯಕ್ಕೆ ಬಂದರೆ, ಬಸ್ಸಿನಲ್ಲಿ ಇಯರ್‌ಫೋನ್, ಮನೆಯಲ್ಲಿ ಅಡುಗೆ ಕಟ್ಟೆಯ ಮೇಲೆ ಮುಷ್ಟಿ ಗಾತ್ರದ ಬ್ಲೂಟೂತ್ ಸ್ಪೀಕರು. ಅದೂ ಒಂದೇ ಡಬ್ಬಿ, ಅದರಿಂದ ಬರುವುದೂ ಮೋನೊ, ಅಂದರೆ ಎಡ-ಬಲವೆಂದು ಬೇರೆಯಾಗದ ಒಂದೇ ದನಿ. ಅವಳು ಓಡಾಡುತ್ತಲೇ ಕೇಳುತ್ತಾಳೆ, ಮುಂದಿನ ಹಾಡನ್ನು ಆ್ಯಪ್ ಆರಿಸುತ್ತದೆ. ತಾತನ ರೇಡಿಯೊಗೂ ಇದಕ್ಕೂ ಕೇಳುವ ಕ್ರಮದಲ್ಲಿ ನನಗೆ ದೊಡ್ಡ ವ್ಯತ್ಯಾಸ ಕಾಣಲಿಲ್ಲ. ಈ ಅರಿವಿನ ಮೇಲೆಯೇ ಉಳಿದ ಕೆಲಸವೆಲ್ಲ ನಡೆಯಿತು.

ಮೊದಲು ಅಟ್ಟದ ಮೇಲಿದ್ದ ಆಂಪ್ಲಿಫೈಯರನ್ನು ಇಳಿಸಿದೆ. ವರ್ಷಗಟ್ಟಲೆ ಸುಮ್ಮನಿದ್ದ ಇಂಥ ಸೆಟ್ಟನ್ನು ನೇರವಾಗಿ ಪ್ಲಗ್ಗಿಗೆ ಹಾಕಬಾರದು. ಒಳಗೆ ವಿದ್ಯುತ್ತನ್ನು ಕೂಡಿಟ್ಟುಕೊಳ್ಳುವ ಎಲೆಕ್ಟ್ರೊಲಿಟಿಕ್ ಕೆಪಾಸಿಟರುಗಳು ಒಣಗಿ ಕೆಟ್ಟಿರುವ ಸಂಭವ ಹೆಚ್ಚು. ರೇಡಿಯೊ ರಿಪೇರಿಯ ಕಾಲದಿಂದ ಕೆಲಸ ಮಾಡಿಕೊಂಡು ಬಂದಿರುವ ಮೆಕ್ಯಾನಿಕ್ ಒಬ್ಬರು ಅದನ್ನು ಸೀರೀಸ್ ಬಲ್ಬಿನ ಮೂಲಕ, ಅಂದರೆ ವಿದ್ಯುತ್ತು ಮೊದಲು ಒಂದು ಬಲ್ಬನ್ನು ಹಾದು ಬರುವಂತೆ ಮಾಡಿ, ಚಾಲೂ ಮಾಡಿದರು. ಬಲ್ಬು ಒಮ್ಮೆ ಬೆಳಗಿ ಮಂಕಾದರೆ ಒಳಗೆ ಶಾರ್ಟ್ ಇಲ್ಲವೆಂದು ಅರ್ಥ, ಪೂರ್ತಿ ಉರಿಯುತ್ತಲೇ ಇದ್ದರೆ ತಕ್ಷಣ ಆರಿಸಬೇಕು. ಅದೇ ಮೈಕ್ರೊಫ್ಯಾರಡ್ ಬೆಲೆಯ, ವೋಲ್ಟೇಜು ಅಷ್ಟೇ ಅಥವಾ ಅದಕ್ಕಿಂತ ಹೆಚ್ಚಿರುವ, 105 ಡಿಗ್ರಿ ತಾಳುವ ಹೊಸ ಕೆಪಾಸಿಟರುಗಳನ್ನು ಬೆಂಗಳೂರಿನ ಎಸ್. ಪಿ. ರಸ್ತೆಯಿಂದ ತಂದುಕೊಟ್ಟೆ. ತಿರುಗಿಸಿದಾಗ ಕರಕರ ಎನ್ನುತ್ತಿದ್ದ ವಾಲ್ಯೂಮ್ ಕಂಟ್ರೋಲು ಕಾಂಟ್ಯಾಕ್ಟ್ ಕ್ಲೀನರಿಗೇ ಸರಿಹೋಯಿತು.

ಪ್ಲೇಟು ತಿರುಗಿಸುವ ಟರ್ನ್‌ಟೇಬಲಿಗೆ ಹೊಸ ಬೆಲ್ಟು ಹಾಕಿ ವೇಗ ನೋಡಲು ಹೊರಟಾಗ ಒಂದು ತಮಾಷೆ ನಡೆಯಿತು. 50 ಹರ್ಟ್ಸ್ ವಿದ್ಯುತ್ತಿನ ದೀಪ ಸೆಕೆಂಡಿಗೆ 100 ಸಲ ಮಿನುಗುವುದರಿಂದ, ವೇಗ ನೋಡಲೆಂದೇ ಇರುವ ಸ್ಟ್ರೋಬ್ ತಟ್ಟೆಯ ಮೇಲಿನ 180 ಗೆರೆಗಳು ನಿಮಿಷಕ್ಕೆ 33⅓ ಸುತ್ತಿನ ಸರಿಯಾದ ವೇಗದಲ್ಲಿ ನಿಂತಂತೆ ಕಾಣಬೇಕು. ಈಗಿನ ಒಳ್ಳೆಯ ಎಲ್‌ಇಡಿ ದೀಪಗಳು ಹಾಗೆ ಮಿನುಗುವುದಿಲ್ಲವಾದ್ದರಿಂದ ನಮಗೆ ಗೆರೆಗಳೇ ಕಾಣಲಿಲ್ಲ. ಕೊನೆಗೆ ತಂದೆಯವರ ಹಳೆಯ ಟೇಬಲ್ ಲ್ಯಾಂಪಿನ ತಂತಿ ಬಲ್ಬು ಕೆಲಸಕ್ಕೆ ಬಂತು. ಮುಳ್ಳಿನ ಅಲುಗಾಟವನ್ನು ವಿದ್ಯುತ್ತಾಗಿಸುವ ಕಾರ್ಟ್ರಿಜ್ಜು ಹಿಂದೆ ಸೆರಾಮಿಕ್ಕಿನದಿತ್ತು; ಅದರ ಬದಲು ಎರಡು ಗ್ರಾಂ ಭಾರದಲ್ಲಿ ಓಡುವ ಮ್ಯಾಗ್ನೆಟಿಕ್ ಕಾರ್ಟ್ರಿಜ್ಜನ್ನು ಕೂರಿಸಿದೆ. ಅದರಿಂದ ಬರುವುದು ಕೆಲವೇ ಮಿಲಿವೋಲ್ಟ್, ಆದ್ದರಿಂದ ಅದನ್ನು ಹಿಗ್ಗಿಸಲು ಪ್ರತ್ಯೇಕ ಫೋನೊ ಪ್ರೀಆಂಪ್ ಬೇಕಾಯಿತು.

ಆಂಪ್ಲಿಫೈಯರಿನ ಮುಂಭಾಗದಲ್ಲಿ ನನ್ನ ತಲೆಮಾರು ಎಂದೂ ಮುಟ್ಟದ ಮೋನೊ ಸ್ವಿಚ್ಚೊಂದಿದೆ. ಸ್ಟೀರಿಯೊ ಪ್ಲೇಟುಗಳು ಮಾರುಕಟ್ಟೆಗೆ ಬಂದದ್ದು 1950ರ ದಶಕದ ಕೊನೆಯಲ್ಲಿ. ಅದಕ್ಕೆ ಹಿಂದಿನ ಪ್ಲೇಟುಗಳಲ್ಲಿ ಸಂಗೀತವಿರುವುದು ಮುಳ್ಳು ಓಡುವ ಗೀರಿನ ಅಡ್ಡ ಅಲುಗಾಟದಲ್ಲಿ ಮಾತ್ರ. ಸ್ಟೀರಿಯೊ ಕಾರ್ಟ್ರಿಜ್ಜು ಮೇಲೆ-ಕೆಳಗಿನ ಅಲುಗಾಟವನ್ನೂ, ಅಂದರೆ ಬರಿಯ ಧೂಳು ಸವೆತಗಳ ಸದ್ದನ್ನೂ ಎತ್ತಿಕೊಳ್ಳುತ್ತದೆ. ಈ ಸ್ವಿಚ್ಚು ಎಡ-ಬಲದ ಎರಡು ಚಾನೆಲ್ ಕೂಡಿಸಿದರೆ ಆ ಭಾಗ ಪರಸ್ಪರ ಕಳೆದುಹೋಗಿ, ಹಳೆಯ ಪ್ಲೇಟಿನ ಚಟಪಟ ಎದ್ದುಕಾಣುವಷ್ಟು ತಗ್ಗುತ್ತದೆ. ಇದಕ್ಕಿಂತ ದೊಡ್ಡ ಲಾಭವೆಂದರೆ, ಮೋನೊದಲ್ಲಿ ಯಾರು ಎಲ್ಲಿ ಕುಳಿತರೂ ಒಂದೇ ಸಂಗೀತ. ನಾನು ತ್ರಿಕೋನದ ಕುರ್ಚಿಯನ್ನು ತೆಗೆದು, ಸ್ಪೀಕರುಗಳನ್ನು ಇಡೀ ಹಾಲ್‌ಗೆ ಮುಖಮಾಡಿ ಇಟ್ಟೆ.

ವಿಟ್ರಿಫೈಡ್ ಟೈಲ್ಸ್ ಹಾಕಿದ, ಗಾರೆ ಗೋಡೆಯ ನಮ್ಮ ಹಾಲ್‌ನಲ್ಲಿ ಚಪ್ಪಾಳೆ ತಟ್ಟಿದರೆ ಝಣ್ ಎಂದು ಮರುದನಿ ಬರುತ್ತಿತ್ತು. ನೆಲಕ್ಕೊಂದು ದಪ್ಪ ನವಲಗುಂದ ಜಮಖಾನೆ, ಎದುರು ಗೋಡೆಗೆ ಪುಸ್ತಕದ ಕಪಾಟು, ಕಿಟಕಿಗೆ ಭಾರವಾದ ಪರದೆ ಬಂದ ಮೇಲೆ ಅದು ಬಹುಪಾಲು ಅಡಗಿತು. ಹಿಂದೆ ನಾನು ಕೇಬಲ್ಲುಗಳಿಗೆ ಸುರಿದ ಹಣದಲ್ಲಿ ಮೂರು ಕೋಣೆಗೆ ಜಮಖಾನೆ ಬರುತ್ತಿತ್ತು ಎಂದು ತಂದೆಯವರು ಹೇಳಿದ್ದಕ್ಕೆ ನನ್ನಲ್ಲಿ ಉತ್ತರವಿಲ್ಲ.

ಸಿ.ಡಿ. ಉತ್ತಮವೋ ಮೊಬೈಲೋ ಎಂಬ ವಾದವನ್ನು ಮಾತಿನಲ್ಲಿ ಮುಗಿಸಲಾಗದೆ ಪರೀಕ್ಷೆಗೇ ಇಟ್ಟೆವು. ಇಲ್ಲಿ ಮುಖ್ಯವಾದದ್ದು ವಾಲ್ಯೂಮು ಸರಿಗಟ್ಟುವುದು, ಏಕೆಂದರೆ ಕೂದಲೆಳೆಯಷ್ಟು ಜೋರಾಗಿರುವುದೇ ಕಿವಿಗೆ ಉತ್ತಮವೆನಿಸುತ್ತದೆ. ಅಗ್ಗದ ಮಲ್ಟಿಮೀಟರು ಮೇಲಿನ ಸ್ವರಗಳನ್ನು ಸರಿಯಾಗಿ ಅಳೆಯದಿರುವುದರಿಂದ 100 ಹರ್ಟ್ಸ್ ಸ್ವರವನ್ನು ನುಡಿಸಿ, ಸ್ಪೀಕರಿನ ತುದಿಗಳಲ್ಲಿ ಎ.ಸಿ. ವೋಲ್ಟೇಜು ನೋಡಿ, ಎಲ್ಲ ಮೂಲಗಳನ್ನೂ ಶೇ. 1ರ ಆಸುಪಾಸಿಗೆ ತಂದೆ. ನಂತರ ಒಂದೇ ಗಾಯನವನ್ನು ಸಿ.ಡಿ., ತಂತಿಯ ಮೂಲಕ ಲಾಸ್‌ಲೆಸ್ (ಮಾಹಿತಿ ಏನೂ ಕಳೆಯದ) ಸ್ಟ್ರೀಮಿಂಗ್ ಮತ್ತು ಬ್ಲೂಟೂತ್‌ಗಳಲ್ಲಿ, ಯಾವುದೆಂದು ಹೇಳದೆ, ಸರದಿ ಬದಲಿಸಿ ಕೇಳಿದೆವು. ಸಿ.ಡಿ.ಯಲ್ಲಿ ಸೆಕೆಂಡಿಗೆ 1,411 ಕಿಲೋಬಿಟ್ ಇದ್ದರೆ ಧ್ವನಿಯನ್ನು ಕುಗ್ಗಿಸಿ ಕಳಿಸುವ ಬ್ಲೂಟೂತಿನ ಸಾಮಾನ್ಯ ಎಸ್‌ಬಿಸಿ ಕೋಡೆಕ್ಕಿನಲ್ಲಿ ಹೆಚ್ಚೆಂದರೆ ಸುಮಾರು 328. ಆದರೂ ಮೊದಲೆರಡನ್ನು ನಮ್ಮಲ್ಲಿ ಯಾರೂ ಬೇರ್ಪಡಿಸಲಿಲ್ಲ. ಬ್ಲೂಟೂತನ್ನು ಕೆಲವು ಸಲ ಹಿಡಿದವಳು ಮಗಳು, ಅದೂ ತಾನಪುರದ ಝೇಂಕಾರ ಒಂದೇ ಕೇಳುವ ಕಡೆಗಳಲ್ಲಿ. ಆಮೇಲೆ ಬರಿಯ ಸ್ವರಗಳನ್ನು ನುಡಿಸಿದಾಗ 15,000 ಹರ್ಟ್ಸ್ ಅವಳಿಗೆ ಮಾತ್ರ ಕೇಳಿಸಿತು, ನನಗೆ 12,000ದ ಹತ್ತಿರವೇ ಎಲ್ಲ ಮುಗಿದಿತ್ತು. ಧ್ವನಿಯ ಸೂಕ್ಷ್ಮಗಳ ಬಗ್ಗೆ ಹೆಚ್ಚು ಮಾತಾಡುವ ವಯಸ್ಸಿಗೆ ಅವನ್ನು ಕೇಳುವ ಕಿವಿ ಹೋಗಿರುತ್ತದೆ.

ತಂದೆಯವರ ತೊಂದರೆ ಬೇರೆಯದಾಗಿತ್ತು. ಶ್ರವಣ ಸಾಧನ ಬಂದ ಮೇಲೆ ಕೊಳಲು ಮತ್ತು ಶ್ರುತಿ ನಡುಗುತ್ತವೆ ಎಂದು ಅವರು ಹೇಳುತ್ತಿದ್ದರು, ನಾನು ಟರ್ನ್‌ಟೇಬಲಿನ ವೇಗವನ್ನೇ ಮತ್ತೆ ಮತ್ತೆ ನೋಡುತ್ತಿದ್ದೆ. ಸಾಧನವನ್ನು ರೂಪಿಸಿರುವುದು ಮಾತಿಗಾಗಿ. ಸಿಳ್ಳೆಯಂಥ ಮರುಧ್ವನಿಯನ್ನು ಅಡಗಿಸುವ ಅದರ ವ್ಯವಸ್ಥೆ ದೀರ್ಘವಾಗಿ ನಿಂತ ಸ್ವರವನ್ನೂ ಸಿಳ್ಳೆಯೆಂದೇ ಭಾವಿಸಬಲ್ಲದು. ಆಡಿಯಾಲಜಿಸ್ಟರಲ್ಲಿ ಕೇಳಿದಾಗ ಸಂಗೀತಕ್ಕೆಂದೇ ಬೇರೊಂದು ಪ್ರೋಗ್ರಾಂ ಹಾಕಿಕೊಟ್ಟರು, ನಡುಕ ಬಹುಮಟ್ಟಿಗೆ ನಿಂತಿತು. ಹಿರಿಯರಿರುವ ಮನೆಯಲ್ಲಿ ಹೊಸ ಸ್ಪೀಕರು ಕೊಳ್ಳುವ ಮೊದಲು ಇದನ್ನು ಮಾಡಿಸಿಕೊಳ್ಳುವುದು ಒಳ್ಳೆಯದು.

ಈಗ ಆಂಪ್ಲಿಫೈಯರಿಗೆ ಟರ್ನ್‌ಟೇಬಲ್, ಸಿ.ಡಿ. ಪ್ಲೇಯರ್ ಮತ್ತು ಇಂಟರ್ನೆಟ್ಟಿನ ಸಂಗೀತ ನುಡಿಸುವ ಚಿಕ್ಕದೊಂದು ಸ್ಟ್ರೀಮರ್ ಸೇರಿವೆ. ಮಗಳು ಮೊಬೈಲಿನಿಂದ ಹಾಕಿದ್ದನ್ನು ತಂದೆಯವರು ಆಕ್ಷೇಪವಿಲ್ಲದೆ ಕೇಳುತ್ತಾರೆ, ರೇಡಿಯೊದಲ್ಲಿ ಯಾರೋ ಆರಿಸಿದ್ದನ್ನು ಕೇಳಿ ರೂಢಿಯಾದವರು. ಅವರು ಪ್ಲೇಟು ಹಾಕಿದರೆ ಇಪ್ಪತ್ತು ನಿಮಿಷದ ಒಂದು ಮಗ್ಗುಲು ಮುಗಿಯುವವರೆಗೆ ಅವಳೂ ಮುಟ್ಟುವುದಿಲ್ಲ. ನಡುವೆ ಎದ್ದು ಹೋಗಿ ಬಾಸ್ ತಿದ್ದುವವನು, "ಅಪ್ಪಾ, ಸುಮ್ನೆ ಕೂತ್ಕೊಳಪ್ಪ" ಎಂದು ಹೇಳಿಸಿಕೊಳ್ಳುವವನು ನಾನೊಬ್ಬನೇ. ಸ್ಟೀರಿಯೊವನ್ನು ನಾನು ಬಿಟ್ಟುಕೊಟ್ಟಿಲ್ಲ. ಎಲ್ಲರೂ ಮಲಗಿದ ಮೇಲೆ ಸ್ವಿಚ್ಚನ್ನು ಹಿಂದಕ್ಕೆ ತಳ್ಳಿ, ಕುರ್ಚಿ ಎಳೆದುಕೊಂಡು, ಮೆಲ್ಲಗೆ ಕೇಳುತ್ತೇನೆ.

ಅಡುಗೆಮನೆಗೂ ಇದೇ ಸಂಗೀತ ಬರಲಿ ಎಂಬುದು ಮಗಳ ಬೇಡಿಕೆ. ಆಂಪ್ಲಿಫೈಯರಿನ ಹಿಂಭಾಗದಲ್ಲಿ ಸ್ಪೀಕರಿನ ತಡೆ 8 ಓಮಿಗಿಂತ ಕಡಿಮೆ ಬೇಡವೆಂದು ಬರೆದಿರುವುದರಿಂದ ಈಗಿರುವ 8 ಓಮ್ ಸ್ಪೀಕರಿಗೆ ಅಂಥದೇ ಇನ್ನೊಂದನ್ನು ಪ್ಯಾರಲಲ್ ಆಗಿ ಸೇರಿಸುವಂತಿಲ್ಲ, ಅದು 4 ಓಮಿಗೆ ಇಳಿದುಬಿಡುತ್ತದೆ. ಹಾಗಾಗಿ ಟೇಪ್ ರೆಕಾರ್ಡರಿಗೆ ಕೊಡಲೆಂದಿರುವ ಟೇಪ್ ಔಟ್‌ನಿಂದ ತಂತಿ ಎಳೆದು, ಎರಡು ಚಾನೆಲ್ಲುಗಳನ್ನು ನೇರವಾಗಿ ಕೂಡಿಸದೆ ತಲಾ ಒಂದು ಕಿಲೋ ಓಮ್ ರೆಸಿಸ್ಟರಿನ ಮೂಲಕ ಒಂದುಗೂಡಿಸಿ, ಅಲ್ಲಿಗೆ ಬೇರೆಯೇ ಪುಟ್ಟ ಆಂಪ್ಲಿಫೈಯರನ್ನೂ ಒಂದು ಸ್ಪೀಕರನ್ನೂ ಇಡಲಿದ್ದೇನೆ. ಟೇಪ್ ಔಟಿಗೆ ಹಾಲ್‌ನ ವಾಲ್ಯೂಮಿನ ಹಂಗಿಲ್ಲವಾದ್ದರಿಂದ ಕುಕ್ಕರು ಕೂಗುವಾಗ ಅಲ್ಲಿದ್ದವರು ತಮಗೆ ಬೇಕಾದಷ್ಟು ಜೋರು ಮಾಡಿಕೊಳ್ಳಬಹುದು.