ಅರ್ಜಿ ಹಾಕುವ ಮೊದಲು ನಿಮ್ಮ ಹೆಸರನ್ನು ನೀವೇ ಹುಡುಕಿ ನೋಡಿ

ದಾವಣಗೆರೆಯ ವಿದ್ಯಾನಗರದಲ್ಲಿ ನನ್ನದೊಂದು ಝೆರಾಕ್ಸ್ ಅಂಗಡಿ ಇದೆ. ಐದು ಕಂಪ್ಯೂಟರ್, ಎರಡು ಪ್ರಿಂಟರ್. ಹದಿನಾರು ವರ್ಷದಿಂದ ಮಕ್ಕಳ ಅರ್ಜಿ ತುಂಬಿಕೊಡುತ್ತಿದ್ದೇನೆ. ಸಿಇಟಿ, ನೀಟ್, ಸ್ಕಾಲರ್‌ಶಿಪ್, ಈಚೆಗೆ ಅಮೆರಿಕದ ವೀಸಾ ಫಾರಂ ಕೂಡ. ಸೀಟು ಹಂಚುವ ದಿನಗಳಲ್ಲಿ ಜಗಳೂರು, ಚನ್ನಗಿರಿ, ಹೊನ್ನಾಳಿ ಕಡೆಯವರು ಬೆಳಗಿನ ಮೊದಲ ಬಸ್ಸಿಗೇ ಬಂದು ನಾನು ಶಟರ್ ಎತ್ತುವುದನ್ನು ಕಾಯುತ್ತಿರುತ್ತಾರೆ. ಅಪ್ಪನ ಕೈಯಲ್ಲಿ ಅಂಕಪಟ್ಟಿಯ ಕವರ್, ಮಗನ ಕೈಯಲ್ಲಿ ಫೋನ್.

ಈಚೆಗೆ ಒಂದು ಪ್ರಶ್ನೆ ಜಾಸ್ತಿ ಬರುತ್ತಿದೆ. "ಅಕ್ಕಾರೆ, ಇನ್‌ಸ್ಟಾಗ್ರಾಂ ನೋಡಿ ಸೀಟು ಕೊಡ್ತಾರಂತೆ, ಹೌದೇನ್ರೀ?" ಕೇಳುವ ಅಪ್ಪಂದಿರ ಮುಖದಲ್ಲಿ ಭಯ ಇರುತ್ತದೆ. ಯಾರೋ ಹೆದರಿಸಿ ಕಳಿಸಿರುತ್ತಾರೆ. ಅದಕ್ಕೇ ನನಗೆ ಗೊತ್ತಿರುವಷ್ಟನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ನೀವು ಯಾವ ಸೀಟಿಗೆ ಹೋಗುತ್ತಿದ್ದೀರಿ ಅಂತ ನೋಡಿಕೊಳ್ಳಿ. ಸಿಇಟಿ ಮೂಲಕ ಇಂಜಿನಿಯರಿಂಗ್ ಆದರೆ ಪಿಯುಸಿಯ ಪಿಸಿಎಂ (ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ) ಅಂಕಕ್ಕೆ ಅರ್ಧ ಬೆಲೆ, ಸಿಇಟಿ ಅಂಕಕ್ಕೆ ಅರ್ಧ ಬೆಲೆ. ಎರಡೂ ಸೇರಿ ರ‍್ಯಾಂಕ್ ಬರುತ್ತದೆ. ಎಂಬಿಬಿಎಸ್‌ಗೆ ನೀಟ್ ಅಂಕ. ಆಮೇಲೆ ಕೆಇಎ, ಅಂದರೆ ಕರ್ನಾಟಕ ಪರೀಕ್ಷಾ ಪ್ರಾಧಿಕಾರ, ನಿಮ್ಮ ರ‍್ಯಾಂಕ್, ಮೀಸಲಾತಿ, ನೀವು ಕೊಟ್ಟ ಆಪ್ಷನ್ ನೋಡಿ ಸೀಟು ಹಂಚುತ್ತದೆ. ನಮ್ಮೂರಿನ ಜೆಜೆಎಂ ಮೆಡಿಕಲ್ ಕಾಲೇಜಾಗಲಿ, ಬಿಐಇಟಿ, ಯುಬಿಡಿಟಿ ಇಂಜಿನಿಯರಿಂಗ್ ಕಾಲೇಜುಗಳಾಗಲಿ, ಈ ದಾರಿಯಲ್ಲಿ ಸಿಗುವ ಸೀಟಿಗೂ ನಿಮ್ಮ ರೀಲ್ಸ್‌ಗೂ ಸಂಬಂಧ ಇಲ್ಲ. "ನಿಮ್ಮ ಮಗನ ಅಕೌಂಟ್ ಕ್ಲೀನ್ ಮಾಡಿಕೊಡ್ತೀನಿ, ಇಷ್ಟು ಕೊಡಿ" ಅಂತ ಯಾರಾದರೂ ಬಂದರೆ ಒಂದು ರೂಪಾಯಿಯನ್ನೂ ಕೊಡಬೇಡಿ.

ಈ ದಾರಿಯಲ್ಲಿ ಪೆಟ್ಟು ಬೀಳುವುದು ಬೇರೆ ಕಡೆಯಿಂದ. ಅದನ್ನು ನಾನು ನನ್ನ ತಪ್ಪಿನಿಂದಲೇ ಕಲಿತೆ. ನಾಲ್ಕು ವರ್ಷದ ಹಿಂದೆ ಜಗಳೂರು ಕಡೆಯ ಹುಡುಗಿಯೊಬ್ಬಳಿಗೆ ಒಳ್ಳೆಯ ರ‍್ಯಾಂಕ್ ಬಂತು. ಖುಷಿಗೆ ಅವಳ ಅರ್ಜಿಯ ಪ್ರಿಂಟ್ ಕೈಗೆ ಕೊಟ್ಟು ಫೋಟೋ ತೆಗೆದೆ. ಅಂಗಡಿಯ ಫೇಸ್‌ಬುಕ್ ಪೇಜಿಗೆ ಹಾಕಿದೆ. ಪ್ರಿಂಟಿನಲ್ಲಿದ್ದ ಅರ್ಜಿ ಸಂಖ್ಯೆ, ಹುಟ್ಟಿದ ದಿನ, ಅಪ್ಪನ ಮೊಬೈಲ್ ನಂಬರ್, ಎಲ್ಲವೂ ಓದುವ ಹಾಗೆ ಕಾಣುತ್ತಿತ್ತು. ಎರಡನೇ ದಿನಕ್ಕೆ ಅವಳ ಅಪ್ಪನಿಗೆ ಫೋನ್ ಬಂತು. ಮಗಳ ಹೆಸರು, ಅರ್ಜಿ ಸಂಖ್ಯೆ ಎಲ್ಲಾ ಸರಿಯಾಗಿ ಹೇಳಿ, "ಬೆಂಗಳೂರಲ್ಲಿ ಸೀಟು ಬ್ಲಾಕ್ ಮಾಡಿಸ್ತೀವಿ, ಇವತ್ತೇ 25 ಸಾವಿರ ಹಾಕಿ" ಅಂದರಂತೆ. ಅವರು ಮೆಕ್ಕೆಜೋಳ ಮಾರಿದ ದುಡ್ಡು ಇಟ್ಟುಕೊಂಡಿದ್ದರು. ಕಳಿಸುವ ಮೊದಲು ನನ್ನನ್ನು ಒಂದು ಮಾತು ಕೇಳೋಣ ಅಂತ ಬಂದರು. ಉಳಿಯಿತು. ಅವತ್ತೇ ಆ ಫೋಟೋವನ್ನು ಪೇಜಿನಿಂದ ಅಳಿಸಿದೆ, ಅವರ ಮನೆಗೆ ಹೋಗಿ ಕ್ಷಮೆ ಕೇಳಿದೆ. ಆವತ್ತಿಂದ ಯಾವ ಮಗುವಿನ ಕಾಗದವನ್ನೂ ಪೇಜಿಗೆ ಹಾಕಿಲ್ಲ. ನೀವೂ ಹಾಲ್ ಟಿಕೆಟ್, ರ‍್ಯಾಂಕ್ ಕಾರ್ಡ್, ಸೀಟು ಸಿಕ್ಕ ಪತ್ರ ಯಾವುದನ್ನೂ ಸ್ಟೇಟಸ್‌ಗೆ ಹಾಕಬೇಡಿ. "ನನಗೆ ಸೀಟು ಸಿಕ್ಕಿತು" ಅಂತ ಬರೆದರೆ ಸಾಕಲ್ವಾ?

ಸೀಟು ಸಿಕ್ಕ ಮೇಲಿನ ಕಥೆಯೇ ಬೇರೆ. 2024ರ ಫೆಬ್ರವರಿಯಲ್ಲಿ ಗದಗದ ವೈದ್ಯಕೀಯ ಕಾಲೇಜಿನಲ್ಲಿ ಆಸ್ಪತ್ರೆಯೊಳಗೆ ರೀಲ್ಸ್ ಮಾಡಿದ 38 ವಿದ್ಯಾರ್ಥಿಗಳನ್ನು ಅಮಾನತು ಮಾಡಿದರು. ಅದೇ ತಿಂಗಳು ಭರಮಸಾಗರದ ಸರ್ಕಾರಿ ಆಸ್ಪತ್ರೆಯ ಆಪರೇಷನ್ ಥಿಯೇಟರಿನಲ್ಲಿ ಪ್ರೀ ವೆಡ್ಡಿಂಗ್ ಶೂಟ್ ಮಾಡಿಕೊಂಡ ಗುತ್ತಿಗೆ ವೈದ್ಯರು ಕೆಲಸ ಕಳೆದುಕೊಂಡರು. ಭರಮಸಾಗರ ದೂರದ ಊರಲ್ಲ, ಇಲ್ಲಿಂದ ಚಿತ್ರದುರ್ಗಕ್ಕೆ ಹೋಗುವ ಹೆದ್ದಾರಿಯಲ್ಲೇ ಸಿಗುತ್ತದೆ. ಮೆಡಿಕಲ್, ನರ್ಸಿಂಗ್ ಸೇರುವ ಮಕ್ಕಳಿಗೆ ನಾನು ಕೈ ಮುಗಿದು ಹೇಳುತ್ತೇನೆ: ರೋಗಿ ಇರುವ ಕಡೆ ಫೋನ್ ಹೊರಗೆ ತೆಗೆಯಬೇಡಿ. ಹಾಸಿಗೆಯಲ್ಲಿ ಮಲಗಿರುವವರು ಯಾರದೋ ಅಮ್ಮ.

ಇನ್ನು ಸಂದರ್ಶನ ಇರುವ ಸೀಟುಗಳು. ಐಐಎಂ ಥರದ ಎಂಬಿಎ, ಡಿಸೈನ್ ಕಾಲೇಜುಗಳು, ಹೊರದೇಶದ ವಿಶ್ವವಿದ್ಯಾಲಯಗಳು. ಇಲ್ಲಿ ಎದುರು ಕೂತು ಪ್ರಶ್ನೆ ಕೇಳುವವರು ಮನುಷ್ಯರು. ನಿಮ್ಮ ಹೆಸರನ್ನು ಗೂಗಲ್‌ನಲ್ಲಿ ಹಾಕಲು ಅವರಿಗೆ ಅರ್ಧ ನಿಮಿಷ ಸಾಕು. ಎಲ್ಲರೂ ನೋಡುತ್ತಾರೆ ಅಂತಲ್ಲ. ಆದರೆ ನೋಡಿದರೆ ಏನು ಸಿಗುತ್ತದೆ ಅನ್ನುವುದು ನಿಮಗೆ ಮೊದಲೇ ಗೊತ್ತಿರಬೇಕು. 2017ರಲ್ಲಿ ಹಾರ್ವರ್ಡ್ ವಿಶ್ವವಿದ್ಯಾಲಯ ಕನಿಷ್ಠ 10 ವಿದ್ಯಾರ್ಥಿಗಳಿಗೆ ಕೊಟ್ಟಿದ್ದ ಸೀಟನ್ನು ವಾಪಸ್ ತೆಗೆದುಕೊಂಡಿತು. ಫೇಸ್‌ಬುಕ್ಕಿನ ಗುಂಪೊಂದರಲ್ಲಿ ಅವರು ಕೀಳು ಮೀಮ್ಸ್ ಹಂಚಿಕೊಂಡಿದ್ದರು. ಅದು ಖಾಸಗಿ ಗುಂಪು! ಹಾಗಾಗಿ "ನಂದು ಪ್ರೈವೇಟ್ ಅಕೌಂಟ್ ಅಕ್ಕ" ಅಂತ ಯಾರಾದರೂ ಹೇಳಿದಾಗ ನನಗೆ ಸಮಾಧಾನ ಆಗುವುದಿಲ್ಲ. ಒಬ್ಬ ಸ್ನೇಹಿತ ಸ್ಕ್ರೀನ್‌ಶಾಟ್ ತೆಗೆದರೆ ಮುಗಿಯಿತು.

ಈಗ ಕೆಲಸಕ್ಕೆ ಬನ್ನಿ. ಒಂದು ಭಾನುವಾರ ಬಿಡುವು ಮಾಡಿಕೊಳ್ಳಿ, ಒಂದು ಬಿಳಿ ಹಾಳೆ ತೆಗೆದುಕೊಳ್ಳಿ. ಬ್ರೌಸರ್‌ನಲ್ಲಿ ಇನ್‌ಕಾಗ್ನಿಟೊ (ನಿಮ್ಮ ಲಾಗಿನ್ ಇಲ್ಲದ ಕಿಟಕಿ) ತೆರೆದು ನಿಮ್ಮ ಹೆಸರು ಹುಡುಕಿ. ನಮ್ಮ ಕಡೆಯ ಹೆಸರುಗಳಲ್ಲಿ ಇನಿಶಿಯಲ್ ಒಮ್ಮೆ ಮುಂದೆ, ಒಮ್ಮೆ ಹಿಂದೆ ಇರುತ್ತದೆ. ಎರಡೂ ಥರ ಹಾಕಿ. ಜೊತೆಗೆ ಊರಿನ ಹೆಸರು ಸೇರಿಸಿ. ದಾವಣಗೆರೆಯನ್ನೂ ಇಂಗ್ಲಿಷಿನಲ್ಲಿ ಎರಡು ಥರ ಬರೆಯುತ್ತಾರೆ, ನಡುವಿನ 'ಎ' ಅಕ್ಷರ ಸೇರಿಸಿ ಮತ್ತು ಬಿಟ್ಟು. ಕನ್ನಡದಲ್ಲೂ ಹುಡುಕಿ. ಆಮೇಲೆ ನಿಮ್ಮ ಮೊಬೈಲ್ ನಂಬರ್, ಹಳೇ ಇಮೇಲ್ ಹಾಕಿ ನೋಡಿ. ಸಿಕ್ಕ ಪ್ರತಿ ಖಾತೆಯನ್ನೂ ಹಾಳೆಯಲ್ಲಿ ಬರೆಯಿರಿ. ಏಳನೇ ಕ್ಲಾಸಿನಲ್ಲಿ ಅಣ್ಣ ತೆರೆದುಕೊಟ್ಟ ಫೇಸ್‌ಬುಕ್ ಖಾತೆ ಬಹಳ ಮಕ್ಕಳಿಗೆ ಮರೆತೇ ಹೋಗಿರುತ್ತದೆ. ಅದರಲ್ಲಿ ವಯಸ್ಸು ಜಾಸ್ತಿ ತೋರಿಸಲು ಸುಳ್ಳು ಹುಟ್ಟಿದ ದಿನ ಹಾಕಿರುತ್ತಾರೆ. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಇರುವುದನ್ನೇ ಅಲ್ಲೂ ಹಾಕಿ ಸರಿಮಾಡಿ.

ಫೇಸ್‌ಬುಕ್‌ನಲ್ಲಿ ಹಳೇ ಪೋಸ್ಟುಗಳನ್ನೆಲ್ಲ ಒಂದೇ ಸಲ ಸ್ನೇಹಿತರಿಗೆ ಮಾತ್ರ ಕಾಣುವ ಹಾಗೆ ಮಾಡುವ ಸೆಟ್ಟಿಂಗ್ ಇದೆ, 'ಲಿಮಿಟ್ ಪಾಸ್ಟ್ ಪೋಸ್ಟ್ಸ್' ಅಂತ. ಇನ್‌ಸ್ಟಾಗ್ರಾಂನಲ್ಲಿ ಫೋಟೋ ಅಳಿಸಲು ಮನಸ್ಸಿಲ್ಲದಿದ್ದರೆ ಆರ್ಕೈವ್ ಮಾಡಬಹುದು, ಆಗ ಅದು ನಿಮಗೆ ಮಾತ್ರ ಕಾಣುತ್ತದೆ. ಬೇರೆಯವರು ಟ್ಯಾಗ್ ಮಾಡಿದರೆ ನಿಮ್ಮನ್ನು ಕೇಳಿಯೇ ನಿಮ್ಮ ಪ್ರೊಫೈಲಿಗೆ ಬರಲಿ ಅನ್ನುವ ಸೆಟ್ಟಿಂಗ್ ಅನ್ನೂ ಆನ್ ಮಾಡಿ. ಇದು ಹತ್ತು ನಿಮಿಷದ ಕೆಲಸ.

ಜಾಸ್ತಿ ಹೊತ್ತು ಹಿಡಿಯುವುದು ಕಾಮೆಂಟ್‌ಗಳಿಗೆ. ನನ್ನ ಅನುಭವದಲ್ಲಿ ಮಕ್ಕಳ ಸ್ವಂತ ಪೋಸ್ಟ್ ಚೆನ್ನಾಗಿಯೇ ಇರುತ್ತದೆ. ಹಬ್ಬ, ಗ್ಲಾಸ್ ಹೌಸ್, ಬೆಣ್ಣೆ ದೋಸೆ. ಅದನ್ನೆಲ್ಲ ಸುಮ್ನೆ ಅಳಿಸಬೇಡಿ, ಅದರಲ್ಲಿ ತಪ್ಪೇನೂ ಇಲ್ಲ. ಕೊಳಕು ಇರುವುದು ಬೇರೆಯವರ ಪೋಸ್ಟಿನ ಕೆಳಗೆ. ಸ್ಟಾರ್‌ಗಳ ಅಭಿಮಾನಿ ಜಗಳದಲ್ಲಿ ಆಡಿದ ಮಾತು, ಜಾತಿ ಹಿಡಿದು ಬೈದದ್ದು, ಕ್ಲಾಸಿನ ಹುಡುಗಿಯ ಫೋಟೋಗೆ ಬರೆದದ್ದು. ಇನ್‌ಸ್ಟಾದಲ್ಲಿ 'ಯುವರ್ ಆಕ್ಟಿವಿಟಿ' ಒಳಗೆ, ಫೇಸ್‌ಬುಕ್‌ನಲ್ಲಿ 'ಆಕ್ಟಿವಿಟಿ ಲಾಗ್' ಒಳಗೆ ನೀವು ಬರೆದ ಕಾಮೆಂಟ್ ಸಿಗುತ್ತವೆ. ಕೂತು ಓದಿ. ಓದುವಾಗ ಪಕ್ಕದಲ್ಲೇ ನಿಮ್ಮ ಅಕ್ಕ ಕೂತಿದ್ದಾಳೆ ಅಂದುಕೊಳ್ಳಿ. ನಾಚಿಕೆ ಆಗುವ ಮಾತನ್ನು ತೆಗೆಯಿರಿ. ಯಾರಿಗಾದರೂ ನಿಜಕ್ಕೂ ನೋವಾಗಿದ್ದರೆ, ಅಳಿಸುವುದಕ್ಕೆ ಮೊದಲು ಅವರಿಗೆ ಫೋನ್ ಮಾಡಿ ತಪ್ಪಾಯಿತು ಅನ್ನಿ. ಸೀಟಿಗೋಸ್ಕರ ಅಲ್ಲ, ಅದು ಮಾಡಬೇಕಾದ್ದು ಅಂತ.

ಎಲ್ಲವನ್ನೂ ಮುಚ್ಚಿಡುವುದೇ ಜಾಣತನ ಅಂತ ನನಗೆ ಅನ್ನಿಸುವುದಿಲ್ಲ. ನ್ಯಾಮತಿ ಕಡೆಯ ತಾಂಡಾದ ಹುಡುಗಿಯೊಬ್ಬಳು ಡಿಸೈನ್ ಕೋರ್ಸಿಗೆ ಅರ್ಜಿ ಹಾಕಲು ಬಂದಿದ್ದಳು. ಅವಳ ಅಜ್ಜಿ ಲಂಬಾಣಿ ಕಸೂತಿ ಹಾಕುತ್ತಾರೆ. ಅದರ ನೂರಾರು ಫೋಟೋ ಅವಳ ಇನ್‌ಸ್ಟಾದಲ್ಲಿ ಇದ್ದವು. ಆದರೆ ಖಾತೆಯ ಹೆಸರಿನಲ್ಲಿ 'ಕ್ವೀನ್' ಇತ್ತು, ನಡುವೆ ಹಾಡಿಗೆ ಕುಣಿದ ವಿಡಿಯೋಗಳು. ನಾವಿಬ್ಬರೂ ಒಂದು ಸಂಜೆ ಕೂತೆವು. ಖಾತೆಗೆ ಅವಳ ಸ್ವಂತ ಹೆಸರು ಇಟ್ಟೆವು. ಕುಣಿತದ ವಿಡಿಯೋಗಳು ಬೇರೆ ಖಾತೆಗೆ ಹೋದವು. ಪ್ರತಿ ಫೋಟೋ ಕೆಳಗೆ ಯಾವ ಹೊಲಿಗೆ, ಯಾವ ಬಟ್ಟೆ, ಅಜ್ಜಿಗೆ ಎಷ್ಟು ದಿನ ಹಿಡಿಯಿತು ಅಂತ ಅವಳೇ ಬರೆದಳು. ಸಂದರ್ಶನದಲ್ಲಿ ಅವರು ಆ ಪೇಜ್ ತೆರೆದು ಕನ್ನಡಿ ಚೂರು ಕೂರಿಸುವ ಬಗೆ ಕೇಳಿದರಂತೆ. "ಅಕ್ಕ, ಬೇರೆ ಏನೂ ಕೇಳಲೇ ಇಲ್ಲ, ಅಜ್ಜಿ ಬಗ್ಗೆನೇ ಮಾತಾಡಿದೆ" ಅಂತ ಫೋನ್ ಮಾಡಿದಳು. ನೀವು ಮಾಡದ ಸಮಾಜಸೇವೆಯ ಫೋಟೋ ಹಾಕಬೇಡಿ. ಎರಡು ಪ್ರಶ್ನೆಗೆ ಸಿಕ್ಕಿಬೀಳುತ್ತೀರಿ. ಮಾಡುವುದನ್ನು ಮಾತ್ರ ಹಾಕಿ, ಅಡಿಕೆ ತೋಟದ ಡ್ರಿಪ್ ಪೈಪು ರಿಪೇರಿ ಮಾಡಿದ್ದಾದರೂ ಸರಿ.

ಅಮೆರಿಕಕ್ಕೆ ಓದಲು ಹೋಗುವವರು ಇದನ್ನು ಎರಡು ಸಲ ಓದಿ. ವೀಸಾಕ್ಕೆ ತುಂಬುವ ಡಿಎಸ್-160 ಫಾರಂ 2019ರಿಂದ, ಹಿಂದಿನ 5 ವರ್ಷದಲ್ಲಿ ಬಳಸಿದ ಸೋಷಿಯಲ್ ಮೀಡಿಯಾ ಖಾತೆಗಳ ಹೆಸರು ಕೇಳುತ್ತದೆ. 2025ರ ಜೂನ್‌ನಿಂದ ಎಫ್, ಎಂ, ಜೆ ವೀಸಾ (ಓದಲು ಅಥವಾ ವಿನಿಮಯ ಕಾರ್ಯಕ್ರಮಕ್ಕೆ ಹೋಗುವವರ ವೀಸಾ) ಕೇಳುವವರು ತಮ್ಮ ಖಾತೆಗಳನ್ನು ಪಬ್ಲಿಕ್ ಮಾಡಿಡಬೇಕು ಅಂತಲೂ ಹೇಳಿದ್ದಾರೆ. ಯಾವುದಾದರೂ ಖಾತೆಯನ್ನು ಫಾರಂನಲ್ಲಿ ಬರೆಯದೆ ಬಿಟ್ಟರೆ ವೀಸಾ ತಿರಸ್ಕಾರ ಆಗಬಹುದು. ಎಂಎಸ್‌ಗೆ ಹೊರಟಿದ್ದ ಒಬ್ಬ ಹುಡುಗ ನನ್ನ ಅಂಗಡಿಯಲ್ಲೇ ಈ ಕಾಲಂ ಬಂದಾಗ ತಡವರಿಸಿದ. ಇಂಜಿನಿಯರಿಂಗ್ ಮೊದಲ ವರ್ಷದಲ್ಲಿ ಟ್ವಿಟರ್‌ನಲ್ಲಿ ಸುಳ್ಳು ಹೆಸರಿನ ಖಾತೆ ಇಟ್ಟು ಕ್ರಿಕೆಟ್ ಜಗಳ ಆಡಿದ್ದನಂತೆ. "ಬಿಟ್ಟುಬಿಡೋಣ ಅಕ್ಕ, ಯಾರಿಗೆ ಗೊತ್ತಾಗುತ್ತೆ?" ಅಂದ. ನಾನು ಫಾರಂ ಮುಂದಕ್ಕೆ ಹೋಗಲು ಬಿಡಲಿಲ್ಲ. ಕ್ರಿಕೆಟ್ ಜಗಳಕ್ಕೆ ಉತ್ತರ ಹೇಳಬಹುದು. ಸಹಿ ಹಾಕಿದ ಫಾರಂನಲ್ಲಿ ಸುಳ್ಳು ಸಿಕ್ಕರೆ ಹೇಳಲು ಉತ್ತರ ಇರುವುದಿಲ್ಲ. ಬರೆದೆವು. ಈಗ ಅವನು ಅಲ್ಲೇ ಓದುತ್ತಿದ್ದಾನೆ.

ಪಬ್ಲಿಕ್ ಮಾಡುವ ಮೊದಲು ಮನೆಯ ವಿಳಾಸ, ಫೋನ್ ನಂಬರ್, ತಂಗಿಯರ ಫೋಟೋ ಅಲ್ಲಿಂದ ತೆಗೆದುಹಾಕಿ. ಹಾಳೆಯಲ್ಲಿ ಬರೆದ ಖಾತೆಗಳ ಪಟ್ಟಿಯನ್ನು ಅಂಕಪಟ್ಟಿಯ ಫೈಲಿನಲ್ಲೇ ಇಡಿ, ಫಾರಂ ತುಂಬುವಾಗ ಬೇಕಾಗುತ್ತದೆ. ಪಾಸ್‌ವರ್ಡ್ ಮಾತ್ರ ಆ ಹಾಳೆಯಲ್ಲಿ ಬರೆಯಬೇಡಿ. ನಮ್ಮಂಥ ಅಂಗಡಿಯಲ್ಲಿ ಕೂತು ಇದನ್ನೆಲ್ಲ ಮಾಡಿದ್ದರೆ ಏಳುವ ಮೊದಲು ಲಾಗ್ ಔಟ್ ಮಾಡಿ. ನಿನ್ನೆ ರಾತ್ರಿ ಶಟರ್ ಎಳೆಯುವಾಗ ಮೂರನೇ ಕಂಪ್ಯೂಟರಿನಲ್ಲಿ ಯಾವುದೋ ಹುಡುಗನ ಖಾತೆ ತೆರೆದೇ ಇತ್ತು. ನಾನೇ ಮುಚ್ಚಿ ಬಂದೆ.