ಪಿಎಚ್ ಸೆನ್ಸರ್: ಬೆಸುಗೆಗೆ ಮೊದಲು ಲೆಕ್ಕ

ಪಿಎಚ್ (ದ್ರಾವಣದ ಹುಳಿ-ಕ್ಷಾರದ ಮಟ್ಟ) ಅಳೆಯುವ ಬೋರ್ಡ್ ಮಾಡಲು ಹೊರಟವರು ಸಾಮಾನ್ಯವಾಗಿ ಮೊದಲು ಕೇಳುವುದು ಯಾವ ಎಡಿಸಿ (ವೋಲ್ಟೇಜನ್ನು ಅಂಕಿಯಾಗಿಸುವ ಚಿಪ್) ಹಾಕಲಿ, ಎಷ್ಟು ಬಿಟ್ ಬೇಕು ಅಂತ. ನಾನು ಆ ಪ್ರಶ್ನೆಯನ್ನು ಕೊನೆಗೆ ಇಟ್ಟುಕೊಳ್ಳುತ್ತೇನೆ. ಮೊದಲು ಒಂದು ಸ್ಪ್ರೆಡ್‌ಶೀಟ್ ತೆರೆಯುತ್ತೇನೆ. ಗಾಜಿನ ಎಲೆಕ್ಟ್ರೋಡ್‌ನಿಂದ ಹಿಡಿದು ಸ್ಕ್ರೀನ್ ಮೇಲೆ ಕಾಣುವ ಅಂಕಿಯವರೆಗೆ ಏನೇನು ನಡೆಯುತ್ತದೋ ಎಲ್ಲವನ್ನೂ ಒಂದೊಂದು ಸಾಲಿನ ಸೂತ್ರವಾಗಿ ಬರೆಯುತ್ತೇನೆ. ತಪ್ಪು ಎಲ್ಲಿಂದ ಬರುತ್ತದೆ, ಎಷ್ಟು ಬರುತ್ತದೆ ಅಂತ ಗೊತ್ತಾದ ಮೇಲೆಯೇ ಬೆಸುಗೆ. ಈ ಕ್ರಮಕ್ಕೆ ಒಂದೇ ಕಾರಣ ಇದೆ. ಕೆಲವು ದೋಷಗಳನ್ನು ಕ್ಯಾಲಿಬ್ರೇಶನ್ (ಪಿಎಚ್ ಗೊತ್ತಿರುವ ದ್ರಾವಣಕ್ಕೆ ರೀಡಿಂಗ್ ಹೊಂದಿಸುವುದು) ಸರಿಮಾಡುತ್ತದೆ, ಇನ್ನು ಕೆಲವನ್ನು ಸುಮ್ನೆ ಮುಚ್ಚಿಡುತ್ತದೆ. ಯಾವುದು ಯಾವ ಗುಂಪಿನದು ಅನ್ನುವುದು ರೀಡಿಂಗ್ ನೋಡಿದರೆ ತಿಳಿಯುವುದಿಲ್ಲ.

ಮೊದಲ ಸಾಲು ನರ್ನ್ಸ್ಟ್ ಸಮೀಕರಣ. 25 ಡಿಗ್ರಿ ಸೆಲ್ಸಿಯಸ್‌ನಲ್ಲಿ ಪಿಎಚ್ ಒಂದು ಅಂಕಿ ಬದಲಾದರೆ ಎಲೆಕ್ಟ್ರೋಡ್‌ನ ವೋಲ್ಟೇಜ್ 59.16 ಮಿಲಿವೋಲ್ಟ್ ಬದಲಾಗುತ್ತದೆ. ಇದನ್ನೇ ಸ್ಲೋಪ್ ಅನ್ನುತ್ತೇವೆ. 0 ಡಿಗ್ರಿಯಲ್ಲಿ ಅದು 54.20ಕ್ಕೆ ಇಳಿಯುತ್ತದೆ, ಅಂದರೆ ಡಿಗ್ರಿಗೆ ಸುಮಾರು 0.2 ಮಿಲಿವೋಲ್ಟ್ ವ್ಯತ್ಯಾಸ. ಹೆಚ್ಚಿನ ಎಲೆಕ್ಟ್ರೋಡ್‌ಗಳು ಪಿಎಚ್ 7ರಲ್ಲಿ ಸೊನ್ನೆಯ ಹತ್ತಿರ ಕೊಡುವ ಹಾಗೆ ಮಾಡಿರುತ್ತಾರೆ. ಹಾಗಾಗಿ ತಾಪಮಾನದ ತಪ್ಪು 7ರಲ್ಲಿ ಕಾಣುವುದೇ ಇಲ್ಲ, 7ರಿಂದ ದೂರ ಹೋದಷ್ಟೂ ಬೆಳೆಯುತ್ತದೆ. ಪಿಎಚ್ 4ರಲ್ಲಿ ಒಂದು ಡಿಗ್ರಿ ತಪ್ಪಿದರೆ 0.6 ಮಿಲಿವೋಲ್ಟ್, ಅಂದರೆ ಪಿಎಚ್‌ನಲ್ಲಿ 0.01.

ಈ ಒಂದು ಲೆಕ್ಕವೇ ಸಾಕಷ್ಟು ಕೆಲಸ ಉಳಿಸುತ್ತದೆ. ತಾಪಮಾನವನ್ನು ಅರ್ಧ ಡಿಗ್ರಿಯೊಳಗೆ ಅಳೆದರೆ ಸಾಕು ಅಂತಾಯಿತಲ್ಲ, ಹಾಗಾದರೆ ಪಿಟಿ100 (ಪ್ಲಾಟಿನಂನ ತಾಪಮಾನ ಸೆನ್ಸರ್) ಮತ್ತು ಅದರ ನಾಲ್ಕು ತಂತಿಯ ಸರ್ಕ್ಯೂಟ್ ಯಾಕೆ? 10 ಕಿಲೋ ಓಮ್‌ನ ಒಂದು ಥರ್ಮಿಸ್ಟರ್ (ತಾಪಮಾನದ ಜೊತೆ ಬದಲಾಗುವ ರೆಸಿಸ್ಟರ್) ಸಾಕು. 0, 25, 50 ಡಿಗ್ರಿ ಹೀಗೆ ಮೂರು ಕಡೆ ರೆಸಿಸ್ಟೆನ್ಸ್ ಅಳೆದು ರೆಸಿಸ್ಟೆನ್ಸ್‌ನಿಂದ ತಾಪಮಾನ ಕೊಡುವ ಸ್ಟೈನ್‌ಹಾರ್ಟ್-ಹಾರ್ಟ್ ಸಮೀಕರಣಕ್ಕೆ ಹೊಂದಿಸುತ್ತೇನೆ. ಗಮನಿಸಬೇಕಾದ್ದು ಅದು ತಾನೇ ಬಿಸಿಯಾಗುವುದನ್ನು. 5 ವೋಲ್ಟ್‌ಗೆ 10 ಕಿಲೋ ಓಮ್ ಜೊತೆ ಸರಣಿಯಲ್ಲಿ ಹಾಕಿದರೆ 25 ಡಿಗ್ರಿಯಲ್ಲಿ ಥರ್ಮಿಸ್ಟರ್‌ನೊಳಗೆ 0.625 ಮಿಲಿವ್ಯಾಟ್ ಕರಗುತ್ತದೆ. ಚಿಕ್ಕ ಮಣಿಯಂಥದ್ದಾದರೆ ನಿಂತ ಗಾಳಿಯಲ್ಲಿ ಅರ್ಧ ಡಿಗ್ರಿಗೂ ಜಾಸ್ತಿ ಏರಿಬಿಡಬಹುದು. ರೀಡಿಂಗ್ ತೆಗೆಯುವ ಕ್ಷಣಕ್ಕೆ ಮಾತ್ರ ಕರೆಂಟ್ ಕೊಟ್ಟರೆ ಆ ಮಾತು ಮುಗಿಯಿತು.

ನಿಜವಾದ ಕಷ್ಟ ಗಾಜಿನದು. ಎಲೆಕ್ಟ್ರೋಡ್‌ನ ತುದಿಯ ಆ ತೆಳು ಗಾಜಿನ ರೆಸಿಸ್ಟೆನ್ಸ್ ಸುಲಭವಾಗಿ 100 ಮೆಗಾ ಓಮ್ ಇರುತ್ತದೆ. ಇಂಥ ಮೂಲದಿಂದ 1 ನ್ಯಾನೋ ಆಂಪಿಯರ್ ಎಳೆದರೂ 100 ಮಿಲಿವೋಲ್ಟ್ ಕಳೆದುಹೋಗುತ್ತದೆ, ಅಂದರೆ ಪಿಎಚ್‌ನಲ್ಲಿ ಒಂದೂವರೆ ಅಂಕಿಗೂ ಜಾಸ್ತಿ. ಎಲ್‌ಎಂ358 ಥರದ ಸಾಮಾನ್ಯ ಆಪ್-ಆಂಪ್‌ನ (ಆಂಪ್ಲಿಫೈಯರ್ ಚಿಪ್‌ನ) ಇನ್‌ಪುಟ್ ಹತ್ತಾರು ನ್ಯಾನೋ ಆಂಪಿಯರ್ ಎಳೆಯುತ್ತದೆ. ಅದು ಇಲ್ಲಿ ನಡೆಯುವುದೇ ಇಲ್ಲ. ಗಾಜಿನ ಎಲೆಕ್ಟ್ರೋಡ್ ಬಗ್ಗೆ ಹೇಬರ್ ಮತ್ತು ಕ್ಲೆಮೆನ್ಸಿಯೆವಿಚ್ 1909ರಲ್ಲೇ ಬರೆದಿದ್ದರು. ಆದರೂ ಅದು ಎಲ್ಲರ ಕೈಗೆ ಬಂದದ್ದು 1934ರಲ್ಲಿ ಆರ್ನಾಲ್ಡ್ ಬೆಕ್‌ಮನ್ ನಿಂಬೆ ರಸದ ಹುಳಿ ಅಳೆಯಲು ವ್ಯಾಕ್ಯೂಮ್ ಟ್ಯೂಬ್ ಆಂಪ್ಲಿಫೈಯರ್ ಕಟ್ಟಿದ ಮೇಲೆ. ರಸಾಯನಶಾಸ್ತ್ರ ಗೊತ್ತಿತ್ತು, ಅಷ್ಟು ಕಡಿಮೆ ಕರೆಂಟ್ ಎಳೆದು ಅಳೆಯುವ ಸುಲಭದ ಉಪಾಯ ಇರಲಿಲ್ಲ. ಈಗ ಫೆಮ್ಟೋ ಆಂಪಿಯರ್ ಲೆಕ್ಕದಲ್ಲಿ ಎಳೆಯುವ ಚಿಪ್‌ಗಳು ಸಿಗುತ್ತವೆ. ಅಂಥದ್ದೊಂದನ್ನು ಹಾಕಿದರೆ ಸಮಸ್ಯೆ ಚಿಪ್‌ನಿಂದ ಬೋರ್ಡ್‌ಗೆ ದಾಟುತ್ತದೆ.

ಬೋರ್ಡ್‌ನ ಮೇಲ್ಮೈ, ಅದರ ಮೇಲೆ ಉಳಿದ ಫ್ಲಕ್ಸ್ (ಬೆಸುಗೆಗೆ ಬಳಸುವ ಅಂಟು), ಗಾಳಿಯ ತೇವ, ಕನೆಕ್ಟರ್‌ನ ಪ್ಲಾಸ್ಟಿಕ್, ಎಲ್ಲವೂ ಸೇರಿ ಇನ್‌ಪುಟ್‌ನಿಂದ ಗ್ರೌಂಡ್‌ಗೆ ಒಂದು ಸೋರುವ ದಾರಿ ಮಾಡುತ್ತವೆ. ಸ್ಪ್ರೆಡ್‌ಶೀಟ್‌ನ ಮಾಡೆಲ್‌ನಲ್ಲಿ ಇದು ಒಂದೇ ಒಂದು ರೆಸಿಸ್ಟರ್. ಅದಕ್ಕೆ 10 ಗಿಗಾ ಓಮ್ ಅಂತ ಬೆಲೆ ಕೊಟ್ಟು ನೋಡಿ. 100 ಮೆಗಾ ಓಮ್ ಗಾಜಿನ ಜೊತೆ ಅದು ಸ್ಲೋಪನ್ನು ಶೇಕಡಾ 1ರಷ್ಟು ಇಳಿಸುತ್ತದೆ. ಅಷ್ಟೇ ಅಲ್ವಾ ಅನ್ನಿಸುತ್ತದೆ. ಎರಡು ಬಫರ್ (ಪಿಎಚ್ ಗೊತ್ತಿರುವ ದ್ರಾವಣ) ಹಾಕಿ ಕ್ಯಾಲಿಬ್ರೇಟ್ ಮಾಡಿದರೆ ಆ ಒಂದು ಶೇಕಡಾ ಮಾಯವಾಗುತ್ತದೆ. ಎಲೆಕ್ಟ್ರೋಡ್ ಸ್ವಲ್ಪ ಹಳೆಯದಾಗಿದೆ ಅಂದುಕೊಂಡು ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ.

ಆದರೆ ಗಾಜಿನ ರೆಸಿಸ್ಟೆನ್ಸ್ ನಿಂತಲ್ಲಿ ನಿಲ್ಲುವುದಿಲ್ಲ. ತಾಪಮಾನ ಏಳೆಂಟು ಡಿಗ್ರಿ ಇಳಿದರೆ ಅದು ಹೆಚ್ಚುಕಡಿಮೆ ಎರಡರಷ್ಟಾಗುತ್ತದೆ. 25 ಡಿಗ್ರಿಯಲ್ಲಿ 100 ಮೆಗಾ ಓಮ್ ಇದ್ದದ್ದು 10 ಡಿಗ್ರಿಯಲ್ಲಿ 400 ಮೆಗಾ ಓಮ್ ಆಗುತ್ತದೆ. ಅದೇ 10 ಗಿಗಾ ಓಮ್ ಸೋರಿಕೆ ಈಗ ಶೇಕಡಾ 4ರ ಹತ್ತಿರ ತಿನ್ನುತ್ತದೆ. ಕ್ಯಾಲಿಬ್ರೇಶನ್ ತೆಗೆದುಹಾಕಿದ್ದು ಶೇಕಡಾ 1 ಮಾತ್ರ. ಮಿಕ್ಕಿದ್ದು ಪಿಎಚ್ 4ರಲ್ಲಿ ಸುಮಾರು 0.09 ತಪ್ಪಾಗಿ ಕಾಣುತ್ತದೆ. ಸ್ಕ್ರೀನ್ ಮಾತ್ರ 0.01ರವರೆಗೂ ಧೈರ್ಯವಾಗಿ ತೋರಿಸುತ್ತಿರುತ್ತದೆ. ಕ್ಯಾಲಿಬ್ರೇಶನ್ ಮುಚ್ಚಿಡುತ್ತದೆ ಅಂತ ನಾನು ಹೇಳುವುದು ಇಂಥದ್ದನ್ನೇ. ನನ್ನ ಮಟ್ಟಿಗೆ ಈ ಕೆಲಸದಲ್ಲಿ ಇದಕ್ಕಿಂತ ಮುಖ್ಯವಾದ ಸಾಲು ಮಾಡೆಲ್‌ನಲ್ಲಿ ಇನ್ನೊಂದಿಲ್ಲ.

ಇದನ್ನು ಹಿಡಿಯಲು ಎಲೆಕ್ಟ್ರೋಡ್ ಬೇಕಾಗಿಲ್ಲ. ಅದರ ಜಾಗದಲ್ಲಿ 177.5 ಮಿಲಿವೋಲ್ಟ್ ಕೊಡುವ ಒಂದು ಮೂಲ ಇಡುತ್ತೇನೆ. 25 ಡಿಗ್ರಿಯಲ್ಲಿ ಪಿಎಚ್ 4 ಅಂದರೆ ಅಷ್ಟೇ. ಮೊದಲು ನೇರವಾಗಿ ಜೋಡಿಸಿ ರೀಡಿಂಗ್ ಬರೆದುಕೊಳ್ಳುತ್ತೇನೆ. ಆಮೇಲೆ ಮಧ್ಯದಲ್ಲಿ 1 ಗಿಗಾ ಓಮ್ ರೆಸಿಸ್ಟರ್ ಸೇರಿಸುತ್ತೇನೆ. ಅದರ ಮೈಯನ್ನು ಬೆರಳಿನಿಂದ ಮುಟ್ಟಬಾರದು, ಕಾಲುಗಳನ್ನು ಚಿಮಟದಲ್ಲಿ ಹಿಡಿದು ತವರದ ಡಬ್ಬಿಯೊಳಗೆ ಇಡಬೇಕು, ಡಬ್ಬಿಯನ್ನು ಗ್ರೌಂಡ್‌ಗೆ ಸೇರಿಸಬೇಕು. ಬೋರ್ಡ್ ಚೆನ್ನಾಗಿದ್ದರೆ ಎರಡೂ ರೀಡಿಂಗ್ ಒಂದೇ. 10 ಗಿಗಾ ಓಮ್ ಸೋರಿಕೆ ಇದ್ದರೆ ಎರಡನೆಯದು 161ರ ಹತ್ತಿರ ಬೀಳುತ್ತದೆ. ಆಮೇಲೆ ಇನ್‌ಪುಟ್ ಪಿನ್ ಇರುವ ಜಾಗಕ್ಕೆ ಬಾಯಿಂದ ಒಮ್ಮೆ ಬಿಸಿ ಉಸಿರು ಬಿಡುತ್ತೇನೆ. ಅಂಕಿ ಕುಸಿದು, ನಿಧಾನವಾಗಿ ಮತ್ತೆ ಮೇಲೆ ಬಂದರೆ ಸೋರಿಕೆ ಮೇಲ್ಮೈಯಲ್ಲಿದೆ ಅಂತ ಖಚಿತ.

ಪರಿಹಾರ ಹೊಸದಲ್ಲ. ಬೋರ್ಡನ್ನು ಐಸೋಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಎರಡು ಸಲ ತೊಳೆದು ಪೂರ್ತಿ ಒಣಗಿಸಬೇಕು. ಒಂದೇ ಸಲ ತೊಳೆದರೆ ಫ್ಲಕ್ಸ್ ಹೋಗುವುದಕ್ಕಿಂತ ಹರಡುವುದೇ ಜಾಸ್ತಿ. ಇನ್‌ಪುಟ್ ಸುತ್ತ ಗಾರ್ಡ್ ರಿಂಗ್ (ತಾಮ್ರದ ಬಳೆ) ಹಾಕಿ ಅದನ್ನು ಇನ್‌ಪುಟ್ ವೋಲ್ಟೇಜನ್ನೇ ಹಾಗೇ ಕೊಡುವ ಆಪ್-ಆಂಪ್‌ನ ಔಟ್‌ಪುಟ್‌ಗೆ ಜೋಡಿಸಬೇಕು. ರಿಂಗ್ ಮತ್ತು ಇನ್‌ಪುಟ್ ಒಂದೇ ವೋಲ್ಟೇಜ್‌ನಲ್ಲಿ ಇರುವುದರಿಂದ ಅವೆರಡರ ನಡುವೆ ಕರೆಂಟ್ ಹರಿಯಲು ಕಾರಣವೇ ಇರುವುದಿಲ್ಲ. ರಿಂಗ್ ಮೇಲೆ ಸೋಲ್ಡರ್ ಮಾಸ್ಕ್ (ಬೋರ್ಡ್‌ನ ಬಣ್ಣದ ಲೇಪ) ಇರಬಾರದು, ತಾಮ್ರ ಬರಿಮೈಯಲ್ಲೇ ಇರಲಿ. ಬೋರ್ಡ್‌ನ ಎರಡೂ ಬದಿಗೆ ರಿಂಗ್ ಬೇಕು. ಇನ್ನೂ ಒಳ್ಳೆಯದೆಂದರೆ ಆಪ್-ಆಂಪ್‌ನ ಇನ್‌ಪುಟ್ ಕಾಲನ್ನು ಎತ್ತಿ ಟೆಫ್ಲಾನ್ ಕಂಬದ ಮೇಲೆ ಗಾಳಿಯಲ್ಲೇ ಬೆಸೆಯುವುದು. ನೋಡಲು ಅಂದವಾಗಿ ಇರುವುದಿಲ್ಲ, ಆದರೆ ಅಷ್ಟು ಚೆನ್ನಾಗಿ ಕೆಲಸ ಮಾಡುವುದು ಬೇರೆ ಕಂಡಿಲ್ಲ.

ನಾಯ್ಸ್ (ರೀಡಿಂಗ್‌ನ ಸಣ್ಣ ಅಲುಗಾಟ) ಬಗ್ಗೆ ಎರಡೇ ಮಾತು. 100 ಮೆಗಾ ಓಮ್‌ನ ಉಷ್ಣ ನಾಯ್ಸ್ ಒಂದು ಹರ್ಟ್ಸ್ ಅಗಲದಲ್ಲಿ 1.3 ಮೈಕ್ರೋವೋಲ್ಟ್ ಆಸುಪಾಸು. ನಮಗೆ ಬೇಕಾದ 0.01 ಪಿಎಚ್ ಅಂದರೆ 590 ಮೈಕ್ರೋವೋಲ್ಟ್. ಹಾಗಾಗಿ 16 ಬಿಟ್‌ನ ಎಡಿಸಿ ಧಾರಾಳ ಸಾಕು. ಶುರುವಿನ ಆ ಪ್ರಶ್ನೆಗೆ ಉತ್ತರ ಇಷ್ಟೇ.

ಎಲ್ಲ ಸಾಲುಗಳೂ ಸೇರಿದ ಮೇಲೆ ಪ್ರತಿಯೊಂದಕ್ಕೂ ಅದರ ಮಿತಿಯೊಳಗೆ ಯಾದೃಚ್ಛಿಕ ಬೆಲೆ ಕೊಟ್ಟು ಸಾವಿರಾರು ಸಲ ಓಡಿಸುತ್ತೇನೆ. ಸೋರಿಕೆ ತೊಲಗಿದ ಬೋರ್ಡ್‌ನಲ್ಲಿ ಕೊನೆಗೆ ದೊಡ್ಡದಾಗಿ ಉಳಿಯುವುದು ರೆಫರೆನ್ಸ್ ಎಲೆಕ್ಟ್ರೋಡ್‌ನ (ಹೋಲಿಕೆಗೆ ಸ್ಥಿರ ವೋಲ್ಟೇಜ್ ಕೊಡುವುದರ) ಜಂಕ್ಷನ್. ಒಳಗಿನ ಪೊಟ್ಯಾಸಿಯಂ ಕ್ಲೋರೈಡ್ ದ್ರಾವಣ ಹೊರಗಿನ ಸ್ಯಾಂಪಲ್‌ಗೆ ತಾಗುವ ಆ ರಂಧ್ರದಲ್ಲಿ ಒಂದು ಪುಟ್ಟ ವೋಲ್ಟೇಜ್ ಹುಟ್ಟುತ್ತದೆ. ಪೊಟ್ಯಾಸಿಯಂ ಮತ್ತು ಕ್ಲೋರೈಡ್ ಅಯಾನುಗಳು ಹೆಚ್ಚುಕಡಿಮೆ ಒಂದೇ ವೇಗದಲ್ಲಿ ಚಲಿಸುವುದರಿಂದ ಅದು ಚಿಕ್ಕದಾಗಿರುತ್ತದೆ. ಆದರೆ ಸೊನ್ನೆ ಅಲ್ಲ, ಸ್ಯಾಂಪಲ್‌ನಿಂದ ಸ್ಯಾಂಪಲ್‌ಗೆ ಬದಲಾಗುತ್ತದೆ, ಜಂಕ್ಷನ್ ಕಟ್ಟಿಕೊಂಡರೆ ಬೆಳೆಯುತ್ತದೆ. ಸರ್ಕ್ಯೂಟ್‌ನಲ್ಲಿ ಎಷ್ಟೇ ಒದ್ದಾಡಿದರೂ ಇದು ಹೋಗುವುದಿಲ್ಲ. ಒಳ್ಳೆಯ ಎಲೆಕ್ಟ್ರೋಡ್ ಹಾಕಿ, ಬಳಸದೇ ಇರುವಾಗ ಡಿಸ್ಟಿಲ್ಡ್ ನೀರಿನ ಬದಲು 3 ಮೋಲಾರ್ ಪೊಟ್ಯಾಸಿಯಂ ಕ್ಲೋರೈಡ್‌ನಲ್ಲೇ ಇಡಬೇಕು.

ತಾಪಮಾನ ಸರಿದೂಗಿಸುವುದು ಅಂದರೆ ಏನು ಅನ್ನುವುದನ್ನೂ ಹೇಳಿಬಿಡುತ್ತೇನೆ, ಇಲ್ಲಿ ಗೊಂದಲ ಜಾಸ್ತಿ. ಅದು ಎಲೆಕ್ಟ್ರೋಡ್‌ನ ಸ್ಲೋಪನ್ನು ಮಾತ್ರ ಸರಿಮಾಡುತ್ತದೆ. ದ್ರಾವಣದ ಪಿಎಚ್ ತಾನಾಗಿಯೇ ಬದಲಾಗುವುದನ್ನು ಮುಟ್ಟುವುದಿಲ್ಲ, ಮುಟ್ಟಲೂಬಾರದು. ಶುದ್ಧ ನೀರಿನ ಪಿಎಚ್ 25 ಡಿಗ್ರಿಯಲ್ಲಿ 7.0, 50 ಡಿಗ್ರಿಯಲ್ಲಿ 6.6. ಅದು ಸೆನ್ಸರ್‌ನ ತಪ್ಪಲ್ಲ, ನೀರಿನ ಗುಣ. ಬಫರ್‌ಗಳೂ ಹಾಗೆಯೇ: 25 ಡಿಗ್ರಿಯಲ್ಲಿ 9.18 ಇರುವ ಬೋರಾಕ್ಸ್ ಬಫರ್ 10 ಡಿಗ್ರಿಯಲ್ಲಿ 9.33. ಯಾವ ತಾಪಮಾನದಲ್ಲಿ ಬಫರ್‌ನ ಪಿಎಚ್ ಎಷ್ಟು ಅನ್ನುವ ಕೋಷ್ಟಕ ಪ್ರೋಗ್ರಾಮಿನೊಳಗೆ ಇರಲೇಬೇಕು.

ಕೊನೆಯ ಪರೀಕ್ಷೆಗೆ ಇದೇ ಉಪಯೋಗಕ್ಕೆ ಬರುತ್ತದೆ. 25 ಡಿಗ್ರಿಯಲ್ಲಿ 6.86 ಮತ್ತು 9.18ರ ಬಫರ್‌ಗಳಿಂದ ಕ್ಯಾಲಿಬ್ರೇಟ್ ಮಾಡುತ್ತೇನೆ. ಕ್ಯಾಲಿಬ್ರೇಶನ್‌ಗೆ ಬಳಸದ, ಪಿಎಚ್ 4ರ ಥ್ಯಾಲೇಟ್ ಬಫರನ್ನು ಮಂಜುಗಡ್ಡೆ ಸೇರಿಸಿದ ನೀರಿನ ತೊಟ್ಟಿಯಲ್ಲಿಟ್ಟು 10 ಡಿಗ್ರಿಗೆ ತರುತ್ತೇನೆ. ಗಾಜು, ಥರ್ಮಿಸ್ಟರ್ ಎರಡೂ ಒಂದೇ ತಾಪಮಾನಕ್ಕೆ ಬರುವವರೆಗೆ ಕಾಯಬೇಕು, ಯಾಕೆಂದರೆ ಎರಡೂ ತಣ್ಣಗಾಗುವ ವೇಗ ಬೇರೆ ಬೇರೆ. ಆಗ ರೀಡಿಂಗ್ 4.00 ಬರಬೇಕು. 0.02ರೊಳಗೆ ಬಂದರೆ ಆ ಬೋರ್ಡ್ ಪೆಟ್ಟಿಗೆ ಸೇರುತ್ತದೆ. 4.09 ಬಂದರೆ ಮತ್ತೆ ಆಲ್ಕೋಹಾಲ್, ಮತ್ತೆ ಬ್ರಷ್.